ಪೌತಿ ಖಾತೆಗೆ ಒಂದು ಸಹಿ ಬೇಕು ಅಂತ ಕರೆದರೆ, ಹೋಗುವ ಮುಂಚೆ ಇದನ್ನು ಓದಿ

ಪೌತಿ ಖಾತೆ ಅಂದರೆ ತೀರಿಕೊಂಡವರ ಹೆಸರಲ್ಲಿರುವ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದು. ಅದು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಆಗುವುದಿಲ್ಲ. ಮತ್ತೊಮ್ಮೆ ಹೇಳ್ತೀನಿ, ಆಗುವುದಿಲ್ಲ! ಅದು ನಾಡಕಚೇರಿ, ತಾಲ್ಲೂಕು ಆಫೀಸಿನ ಕೆಲಸ. ಮರಣ ಪ್ರಮಾಣಪತ್ರ, ವಂಶವೃಕ್ಷ ಇಟ್ಟು ಅರ್ಜಿ ಕೊಡುವುದು. ಅದರ ಹೆಸರು ಹೇಳಿ ಯಾರಾದರೂ ರಿಜಿಸ್ಟ್ರಾರ್ ಆಫೀಸಿಗೆ ಕರೆದುಕೊಂಡು ಹೋಗಿ ಹೆಬ್ಬೆಟ್ಟು ಒತ್ತಿಸಿ, ಫೋಟೋ ತೆಗೆಸಿದರೆ, ಅಲ್ಲಿ ನಡೆಯುತ್ತಿರುವುದು ಬೇರೆ ಏನೋ.

ನನಗೆ ಹೀಗೆ ಮಾಡಿದ್ದು ಒಡಹುಟ್ಟಿದ ಅಣ್ಣ. ನಾನಿರುವುದು ದಾವಣಗೆರೆ, ತವರು ಚನ್ನಗಿರಿ ಕಡೆ. ಅಪ್ಪ ತೀರಿಕೊಂಡು ಎಷ್ಟೋ ವರ್ಷ ಆದರೂ ಅಜ್ಜನ ಕಾಲದ ಅಡಿಕೆ ತೋಟದ ಪಹಣಿ ಅಪ್ಪನ ಹೆಸರಲ್ಲೇ ಇತ್ತು. "ಸುಮ್ನೆ ಒಂದು ಸಹಿ ಕಣವ್ವಾ, ಎಲ್ಲರ ಹೆಸರೂ ಸೇರಿಸ್ತೀನಿ" ಅಂದ. ಪತ್ರ ಬರೆಯುವವನು ಹಾಳೆ ತಿರುವುತ್ತಾ, ಕೆಳಗಿನ ಮೂಲೆಗೆ ಬೆರಳಿಟ್ಟು "ಇಲ್ಲಿ, ಇಲ್ಲಿ" ಅನ್ನುತ್ತಿದ್ದ. ಓದಲು ಹೋದರೆ ಅಣ್ಣ "ಹಿಂದೆ ಜನ ಕಾಯ್ತಿದಾರೆ" ಅಂತ ಅವಸರ ಮಾಡಿದ. ಆದ ಮೇಲೆ ಮಂಡಕ್ಕಿ ಮಿರ್ಚಿ ಕೊಡಿಸಿ ಬಸ್ಸು ಹತ್ತಿಸಿದ.

ಕೊನೆಗೆ ಮೊಬೈಲಿನಲ್ಲಿ ಪಹಣಿ ನೋಡಿದರೆ ಅವನೊಬ್ಬನದೇ ಹೆಸರು. ನಕಲು ತೆಗೆಸಿದೆ. ಹಕ್ಕು ಖುಲಾಸೆ ಪತ್ರ! "ಅರಿಶಿನ ಕುಂಕುಮದ ಬಾಬ್ತು ಹಣ ಪಡೆದು, ಯಾರ ಒತ್ತಾಯವೂ ಇಲ್ಲದೆ" ನನ್ನ ಪಾಲು ಬಿಟ್ಟುಕೊಟ್ಟಿದ್ದೇನಂತೆ. ಯಾವ ಹಣ? ಒಂದು ರೂಪಾಯಿ ಕಂಡಿಲ್ಲ. ಮಿರ್ಚಿಯನ್ನೇ ಲೆಕ್ಕಕ್ಕೆ ಹಿಡಿದನೋ ಏನೋ. ಪಕ್ಕದಲ್ಲಿ ನನ್ನ ಫೋಟೋ, ನಗುತ್ತಾ ಬೇರೆ ಕೂತಿದ್ದೀನಿ. ಅದನ್ನು ಮನೆಯವರಿಗೆ ತೋರಿಸುವಾಗ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

ಫೋನ್ ಮಾಡಿ ಕೇಳಿದೆ. "ನಿನ್ನ ಮದುವೆ ಸಾಲ ತೀರಿಸಿದ್ದು ಯಾರು?" ಅಂದ. "ಕೋರ್ಟಿಗೆ ಹೋದರೆ ತವರು ಮರೆತುಬಿಡು" ಅಂದ. ಅತ್ತಿಗೆ ಫೋನ್ ಕಿತ್ತುಕೊಂಡು "ಪಂಚಮಿಗೆ ಸೀರೆ ಉಡಿಸಿ ಕಳಿಸಿದ್ದು ಸಾಲಲಿಲ್ವಾ?" ಅಂದಳು. ಆಮೇಲೆ ಮತ್ತೆ ಅಣ್ಣ: "ಅಪ್ಪ 2005ಕ್ಕೆ ಮುಂಚೆಯೇ ಹೋದವರು, ಕಾನೂನಿನಲ್ಲೇ ನಿನಗೆ ಪಾಲಿಲ್ಲ." ಪಾಲೇ ಇಲ್ಲದವಳ ಹತ್ತಿರ ಖುಲಾಸೆ ಯಾಕಪ್ಪಾ ಬರೆಸಿಕೊಂಡೆ ಅಂದೆ. ಫೋನ್ ಕಟ್.

ಆ ಮಾತೂ ಸುಳ್ಳು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಹಕ್ಕು, ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಬಂದಾಗ ಅಪ್ಪ ಬದುಕಿರಲೇಬೇಕು ಅಂತಿಲ್ಲ, ಹೀಗಂತ ಸುಪ್ರೀಂ ಕೋರ್ಟ್ 2020ರ ಆಗಸ್ಟಿನಲ್ಲೇ ಹೇಳಿದೆ. 2004ರ ಡಿಸೆಂಬರ್ 20ಕ್ಕೆ ಮುಂಚೆ ಪಾಲುಪತ್ರ ರಿಜಿಸ್ಟರ್ ಆಗಿದ್ದರೆ ಮಾತು ಬೇರೆ. ನಮ್ಮಲ್ಲಿ ಪಾಲೇ ಆಗಿಲ್ಲ.

ಕಂದಾಯದವರ ಹತ್ತಿರ ಅಲೆದರೆ, ರಿಜಿಸ್ಟರ್ ಆದ ಪತ್ರ ಇರುವ ತನಕ ನಮ್ಮ ಕೈಲಿ ಏನೂ ಇಲ್ಲ, ಸಿವಿಲ್ ಕೋರ್ಟಿಗೆ ಹೋಗಿ ಅಂತಾರೆ. ಈಗ ಪತ್ರ ರದ್ದು ಮಾಡಿ ಪಾಲು ಕೊಡಿಸಿ ಅಂತ ದಾವೆ ಹಾಕಿದ್ದೇನೆ. ತೋಟ ಮಾರದಂತೆ ತಡೆಯಾಜ್ಞೆ ಕೇಳಿದ್ದೇನೆ. ಪತ್ರ ರದ್ದತಿ ಕೇಳಲು, ಮೋಸ ಗೊತ್ತಾದಾಗಿನಿಂದ 3 ವರ್ಷ ಅಷ್ಟೇ ಅವಧಿ. "ಹಿರಿಯರನ್ನು ಕೂರಿಸಿ ಮಾತಾಡೋಣ, ಈ ಹಬ್ಬ ಕಳೀಲಿ" ಅಂತ ತಳ್ಳುವವರು ಇದಕ್ಕೇ ತಳ್ಳುವುದು. ಫೀಸಿಗೆ ಹೆದರಬೇಡಿ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ.

ಅಣ್ಣ ಆಗಲೇ ಗಿರಾಕಿಗಳಿಗೆ ತೋಟ ತೋರಿಸುತ್ತಿದ್ದಾನೆ. ಅಡಿಕೆ ತೋಟ ಹುಡುಕುತ್ತಾ ಚನ್ನಗಿರಿ ಕಡೆ ಓಡಾಡುತ್ತಿರುವವರೇ, ಪಹಣಿಯಲ್ಲಿ ಒಂದೇ ಹೆಸರಿದೆ ಅಂತ ಅಡ್ವಾನ್ಸ್ ಕೊಡಬೇಡಿ. ದಾವೆ ನಡೆಯುವಾಗ ಕೊಂಡರೆ ತೀರ್ಪಿಗೆ ನೀವೂ ಬದ್ಧರು. ವಂಶವೃಕ್ಷ ಕೇಳಿ, ಅದರಲ್ಲಿರುವ ಹೆಣ್ಣುಮಕ್ಕಳಿಗೆ ನೀವೇ ಒಂದು ಫೋನ್ ಮಾಡಿ.