ಮಳೆಗೆ ಅಂತ ಹಾಕಿಸಿದ 32 ಎಂಎಂ ನುಣುಪು ಟೈರ್: ಸವೆಯುವ ತನಕ ಓಡಿಸಿದ ಮೇಲೆ

ಮಳೆಗಾಲದಲ್ಲೂ ಸೈಕಲ್ ನಿಲ್ಲಿಸಬಾರದು ಅಂತಲೇ ಹಾಕಿಸಿದ ಟೈರ್ ಇದು. 32 ಎಂಎಂ ಅಗಲ, ಮೆತ್ತನೆ ರಬ್ಬರ್, ಅಂಚಿನ ಸಣ್ಣ ಗೀರು ಬಿಟ್ಟರೆ ಪೂರ್ತಿ ನುಣುಪು. ಮೊದಲು ಇದ್ದದ್ದು 25 ಎಂಎಂನ ಗಟ್ಟಿ ಟೈರ್. ಈಗ ಹಿಂದಿನ ಚಕ್ರದ 32 ನಡುವೆ ಸವೆದು ಚಪ್ಪಟೆಯಾಗಿದೆ, ಅಂದರೆ ಬರೆಯುವಷ್ಟು ಓಡಿಸಿದ್ದೇನೆ.

ನೋಡಿದವರೆಲ್ಲ ಕೇಳುವುದು ಒಂದೇ, ಇಷ್ಟು ನುಣುಪಾಗಿದೆಯಲ್ಲ, ನೀರಲ್ಲಿ ಜಾರಲ್ವಾ? ಟಾರು ರಸ್ತೆಯಲ್ಲಿ ಇಲ್ಲ. ಕಾರಿನ ಟೈರ್‌ಗೆ ಆಳವಾದ ಗೀರು ಬೇಕೇ ಬೇಕು. ಅದು ಅಗಲ, ತಳ ಚಪ್ಪಟೆ, ಗಾಳಿಯ ಒತ್ತಡ 30 ಪಿಎಸ್‌ಐ ಆಸುಪಾಸು, ವೇಗ ಜಾಸ್ತಿಯಾದಾಗ ಕೆಳಗಿನ ನೀರಿಗೆ ಹೋಗಲು ದಾರಿ ಸಿಗದೆ ಗಾಡಿ ನೀರಿನ ಮೇಲೆ ತೇಲುತ್ತದೆ. ಸೈಕಲ್ ಟೈರ್ ಕಿರಿದು, ದುಂಡಗಿದೆ, ನೀರನ್ನು ತಾನೇ ಪಕ್ಕಕ್ಕೆ ತಳ್ಳುತ್ತದೆ. ವಿಮಾನದ ಟೈರ್‌ಗಳಿಗೆ ಅಂತ ನಾಸಾದವರು ಕಂಡುಕೊಂಡ ಸೂತ್ರ ಒಂದಿದೆ, ಅದರಲ್ಲಿ ಗಾಳಿಯ ಒತ್ತಡ ಹೆಚ್ಚಿದಷ್ಟೂ ತೇಲುವ ವೇಗವೂ ಹೆಚ್ಚುತ್ತದೆ. ಅದಕ್ಕೆ ನಾನು ತುಂಬುವ 60 ಪಿಎಸ್‌ಐ ಹಾಕಿ ನೋಡಿದರೆ ಗಂಟೆಗೆ 100 ಕಿಲೋಮೀಟರ್ ದಾಟಿಬಿಡುತ್ತದೆ. ಮಳೆಯಲ್ಲಿ ಸೈಕಲ್ ಮೇಲೆ ಆ ವೇಗಕ್ಕೆ ಹೋಗುವವರಿಗೆ ಟೈರ್ ವಿಮರ್ಶೆಯಿಂದ ಏನೂ ಆಗುವುದಿಲ್ಲ ಬಿಡಿ. ದಪ್ಪ ಗಂಟುಗಳ ಟೈರ್ ಕೆಸರಲ್ಲಿ ಚೆನ್ನಾಗಿ ಕಚ್ಚುತ್ತದೆ, ನಿಜ. ಆದರೆ ಟಾರಿನ ಮೇಲೆ ಗಂಟಿನ ತುದಿಗಳಷ್ಟೇ ನೆಲಕ್ಕೆ ತಾಗುವುದು.

ನನಗೆ ನಿಜವಾಗಿ ವ್ಯತ್ಯಾಸ ಕಂಡದ್ದು ರಬ್ಬರ್ ಮತ್ತು ಗಾಳಿಯಲ್ಲಿ. 25ರಲ್ಲಿ 95 ಪಿಎಸ್‌ಐ ತುಂಬುತ್ತಿದ್ದೆ, ಇದರಲ್ಲಿ 60 ಸಾಕು, ಮಳೆ ಹಿಡಿದರೆ ಇನ್ನೂ ನಾಲ್ಕೈದು ಇಳಿಸುತ್ತೇನೆ. ಗಟ್ಟಿ ಟೈರ್ ಒದ್ದೆ ರಸ್ತೆಯ ಪ್ರತಿ ಏರುತಗ್ಗಿಗೂ ಚೂರು ಚೂರು ಹಾರುತ್ತದೆ, ಹಾರಿದ ಆ ಕ್ಷಣ ಹಿಡಿತ ಇರುವುದಿಲ್ಲ. ಮೆತ್ತಗಿರುವುದು ರಸ್ತೆಯನ್ನು ಅಪ್ಪಿಕೊಂಡು ಹೋಗುತ್ತದೆ. ಹಾಗಂತ ಸಿಕ್ಕಾಪಟ್ಟೆ ಇಳಿಸಬೇಡಿ. ನೀರು ತುಂಬಿದ ಗುಂಡಿಯ ಅಂಚು ಕಾಣುವುದಿಲ್ಲ, ರಿಮ್ ಹೋಗಿ ಬಡಿದರೆ ಟ್ಯೂಬ್‌ನಲ್ಲಿ ಅಕ್ಕಪಕ್ಕ ಎರಡು ತೂತು ಗ್ಯಾರಂಟಿ. ಕನಿಷ್ಠ ಎಷ್ಟು, ಗರಿಷ್ಠ ಎಷ್ಟು ಅಂತ ಟೈರ್ ಪಕ್ಕದಲ್ಲೇ ಬರೆದಿರುತ್ತದೆ. ನಿಮ್ಮ ತೂಕ ನೋಡಿಕೊಂಡು ಅದರ ನಡುವೆ ಎಲ್ಲೋ ಹುಡುಕಿಕೊಳ್ಳಿ. ಇನ್ನೊಂದು, ಹೊಸ ಟೈರ್ ಮಿರಮಿರ ಹೊಳೆಯುತ್ತದೆ, ಆ ಹೊಳಪು ಒಣ ರಸ್ತೆಯಲ್ಲಿ ಸವೆದು ಮಂಕಾಗುವ ತನಕ ಒದ್ದೆ ತಿರುವುಗಳಲ್ಲಿ ಧೈರ್ಯ ತೋರಿಸಬೇಡಿ.

ಈಗ ಡಬ್ಬದ ಮೇಲೆ ಬರೆಯದ ವಿಷಯ. ಒದ್ದೆ ಕಬ್ಬಿಣ, ರಸ್ತೆಗೆ ಬಳಿದ ಬಣ್ಣ, ಕೊಳೆತ ಎಲೆ, ಪಾಚಿ, ಇವುಗಳ ಮೇಲೆ ಈ ಟೈರ್‌ಗೂ ಹಳೆಯದಕ್ಕೂ ನನಗೇನೂ ವ್ಯತ್ಯಾಸ ಕಾಣಲಿಲ್ಲ. ಮ್ಯಾನ್‌ಹೋಲ್ ಮುಚ್ಚಳದ ಮೇಲೆ ಪೆಡಲ್ ಒತ್ತುತ್ತಾ ಹೋದರೆ ಹಿಂದಿನ ಚಕ್ರ ಒಂದು ಬೆರಳಿನಷ್ಟು ಸರಕ್ಕನೆ ಪಕ್ಕಕ್ಕೆ ಹೋಗುತ್ತದೆ, ಟಾರು ಸಿಕ್ಕ ಕೂಡಲೇ ಜಗ್ಗಿದಂತೆ ನಿಲ್ಲುತ್ತದೆ. ನೇರ ಹೋಗುವಾಗ ಇದು ಬರೀ ಎದೆ ಧಸಕ್ಕೆನ್ನುವ ವಿಷಯ, ಆದರೆ ಸೈಕಲ್ ವಾಲಿಸಿಕೊಂಡು ತಿರುಗುತ್ತಿರುವಾಗ ಮುಂದಿನ ಚಕ್ರಕ್ಕೇ ಹೀಗಾದರೆ ಕಾಲು ಕೊಡುವಷ್ಟೂ ಸಮಯ ಸಿಗುವುದಿಲ್ಲ. ತಪ್ಪಿಸಲಾಗದಿದ್ದರೆ ಮೊದಲೇ ವೇಗ ಇಳಿಸಿ, ಬ್ರೇಕ್ ಬಿಟ್ಟು, ಪೆಡಲ್ ನಿಲ್ಲಿಸಿ, ಹ್ಯಾಂಡಲ್ ನೇರ ಇಟ್ಟುಕೊಂಡು ಸುಮ್ನೆ ಉರುಳಿಹೋಗಿ. ಜೀಬ್ರಾ ಕ್ರಾಸಿಂಗ್‌ನಲ್ಲಿ ಬಿಳಿ ಪಟ್ಟಿಗಳ ನಡುವಿನ ಟಾರಿನಲ್ಲಿ ಹೋಗಬಹುದು. ರೈಲು ಹಳಿಯನ್ನು ಆದಷ್ಟು ಅಡ್ಡಲಾಗಿಯೇ ದಾಟಬೇಕು. ಓರೆಯಾಗಿ ಹೋದರೆ ಒದ್ದೆ ಹಳಿ ಜಾರುವುದಷ್ಟೇ ಅಲ್ಲ, ಪಕ್ಕದ ಸಂದಿಗೆ ಚಕ್ರವೇ ಇಳಿದುಬಿಡಬಹುದು. 32 ಎಂಎಂ ಕೂಡ ಆ ಸಂದಿಗೆ ಆರಾಮಾಗಿ ಹಿಡಿಸುತ್ತದೆ.

ಬಹಳ ದಿನ ಒಣಗಿದ್ದ ರಸ್ತೆಗೆ ಬೀಳುವ ಮೊದಲ ಹನಿಗಳು ಜೋರು ಮಳೆಗಿಂತ ಕೆಟ್ಟವು. ಎಣ್ಣೆ, ಧೂಳು, ರಬ್ಬರ್ ಪುಡಿ ಎಲ್ಲ ಸೇರಿ ಲೋಳೆಯಾಗುತ್ತದೆ, ತೊಳೆದುಹೋಗುವಷ್ಟು ನೀರು ಇನ್ನೂ ಬಂದಿರುವುದಿಲ್ಲ. ನಾನಂತೂ ಆಗ ಎಲ್ಲಾದರೂ ನಿಂತು ರೇನ್‌ಕೋಟ್ ಹಾಕಿಕೊಳ್ಳುವ ನೆಪ ಮಾಡುತ್ತೇನೆ.

ಬ್ರೇಕ್ ಬಗ್ಗೆ ಟೈರ್ ವಿಮರ್ಶೆಯಲ್ಲಿ ಯಾಕೆ ಅನ್ನಬೇಡಿ. ನನ್ನದು ರಿಮ್ ಬ್ರೇಕ್. ನೆನೆದಾಗ ಮೊದಲ ಒಂದೆರಡು ಸುತ್ತು ಪ್ಯಾಡ್ ಬರೀ ನೀರು ಒರೆಸುತ್ತದೆ, ಆಮೇಲೆ ಒಮ್ಮೆಗೇ ಹಿಡಿಯುತ್ತದೆ. ಹಾಗೆ ಹಿಡಿದಾಗ ಮುಂದಿನ ಟೈರ್ ತಡೆದುಕೊಳ್ಳಬೇಕಲ್ಲ? ಅದಕ್ಕೇ ನಿಲ್ಲುವುದಕ್ಕೆ ಬಹಳ ಮೊದಲೇ ಮೆಲ್ಲಗೆ ಒತ್ತಿ ರಿಮ್ ಒಣಗಿಸಿಕೊಳ್ಳುತ್ತೇನೆ, ಬ್ರೇಕ್ ಹಾಕುವುದೆಲ್ಲ ತಿರುವಿಗೆ ಮುಂಚೆಯೇ ಮುಗಿಸುತ್ತೇನೆ. ಡಿಸ್ಕ್ ಬ್ರೇಕ್ ಇರುವವರಿಗೆ ಈ ಕಷ್ಟ ಕಮ್ಮಿ.

ದೂರುಗಳೂ ಇವೆ. ಮೆತ್ತನೆ ರಬ್ಬರ್ ಬೇಗ ಸವೆಯುತ್ತದೆ, ಹಿಂದಿನ ಚಕ್ರದ್ದಂತೂ ಇನ್ನೂ ಬೇಗ. ಒದ್ದೆಯಲ್ಲಿ ಗಾಜಿನ ಚೂರು ಟೈರ್‌ಗೆ ಅಂಟಿಕೊಂಡು, ಪ್ರತಿ ಸುತ್ತಿಗೂ ಸ್ವಲ್ಪ ಸ್ವಲ್ಪ ಒಳಗೆ ಇಳಿಯುತ್ತದೆ. ಮನೆಗೆ ಬಂದ ಮೇಲೆ ಚಕ್ರ ನಿಧಾನ ತಿರುಗಿಸಿ ಪಿನ್ನಿನಿಂದ ಒಂದೊಂದೇ ಕೀಳುವುದು ಈಗ ಅಭ್ಯಾಸವಾಗಿದೆ. ಕಿತ್ತಾಗ ಅಕ್ಕಿ ನುಚ್ಚಿಗಿಂತ ಚಿಕ್ಕದು, ಬಿಟ್ಟರೆ ಟ್ಯೂಬ್ ಮುಟ್ಟುವ ತನಕ ಬಿಡುವುದಿಲ್ಲ. ಮಡ್‌ಗಾರ್ಡ್‌ಗೂ ಟೈರ್‌ಗೂ ನಡುವೆ ಜಾಗ ಇಕ್ಕಟ್ಟು, ಒಂದು ಒದ್ದೆ ಎಲೆ ಸಿಕ್ಕಿಕೊಂಡರೆ ದಾರಿಯುದ್ದಕ್ಕೂ ಸರಸರ ಸದ್ದು. ಕೊಳ್ಳುವ ಮೊದಲು ನಿಮ್ಮ ಫ್ರೇಮ್, ಫೋರ್ಕ್, ಬ್ರೇಕ್ ಮೂರರ ನಡುವೆಯೂ 32 ಹಿಡಿಸುತ್ತದಾ ಅಳೆದು ನೋಡಿ. ಮಡ್‌ಗಾರ್ಡ್ ತೆಗೆದುಬಿಡುವ ಯೋಚನೆ ಬೇಡ, ಮುಂದಿನ ಚಕ್ರದ ಕೆಸರು ಕಣ್ಣಿಗೆ ಹಾರಿದರೆ ಯಾವ ಟೈರ್ ಇದ್ದು ಏನು ಪ್ರಯೋಜನ?

ಮತ್ತೆ ಇದನ್ನೇ ಹಾಕಿಸುತ್ತೇನಾ ಅಂದರೆ, ಮುಂದಿನ ಚಕ್ರಕ್ಕೆ ಕಣ್ಣುಮುಚ್ಚಿ ಹೌದು. ಹಿಂದಿನ ಚಕ್ರ ಜಾರಿದರೆ ಎಷ್ಟೋ ಸಲ ಸಂಭಾಳಿಸಬಹುದು, ಮುಂದಿನದು ಜಾರಿದರೆ ನೆಲವೇ ಗತಿ. ಆದ್ದರಿಂದ ಒಳ್ಳೆ ರಬ್ಬರ್ ಮುಂದೆ ಇರಬೇಕು. ಹಿಂದೆ ಸವೆದಿದೆ ಅಂತ ಹೊಸದನ್ನು ಹಿಂದೆ ಹಾಕಿಸಿ, ಸವೆದದ್ದನ್ನು ಮುಂದೆ ತರುವ ಕೆಲಸ ಮಾತ್ರ ಮಾಡಬೇಡಿ. ಹಿಂದಕ್ಕೆ ಈ ಸಲ ಅದೇ ಅಳತೆಯ, ಪಂಕ್ಚರ್ ತಡೆಯುವ ಪದರ ಇರುವ ಸ್ವಲ್ಪ ಗಟ್ಟಿ ಟೈರ್ ನೋಡುತ್ತಿದ್ದೇನೆ. ಹಿಡಿತ ಚೂರು ಕಮ್ಮಿಯಾದರೂ ಪರವಾಗಿಲ್ಲ, ಮಳೆಯಲ್ಲಿ ನಿಂತು ಟ್ಯೂಬ್ ಬದಲಾಯಿಸುವುದು ಸಾಕಾಗಿದೆ.