54 ಸೈಜಿನ ರೋಡ್ ಬೈಕ್ ಸೈಕಲ್ಲನ್ನು ‘ಸ್ಮಾಲ್ ಸೈಜ್’ ಅಂತ ಮಾರಿದರು, ದಯವಿಟ್ಟು ನೋಡಿ ತಗೊಳ್ಳಿ

ಹೊಸದಾಗಿ ರೋಡ್ ಬೈಕ್ (ಬಾಗಿದ ಹ್ಯಾಂಡಲ್, ತೆಳ್ಳಗಿನ ಟೈರಿನ ವೇಗದ ಸೈಕಲ್) ತಗೊಳ್ಳಬೇಕು ಅಂತಿರುವವರು, ಅದರಲ್ಲೂ ಎತ್ತರ ಕಡಿಮೆ ಇರುವ ಹೆಣ್ಣುಮಕ್ಕಳು, ಇದನ್ನು ಪೂರ್ತಿ ಓದಿ. ನನ್ನ 42 ಸಾವಿರ ಹೋಯಿತು. ದುಡ್ಡಿಗಿಂತ ಜಾಸ್ತಿ ಉರಿಯುತ್ತಿರುವುದು, ಅಂಗಡಿಯವರು ನನ್ನ ಮುಖ ನೋಡಿಕೊಂಡೇ ಸುಳ್ಳು ಹೇಳಿದರಲ್ಲ, ಅದು.

ನಾನು ಇರುವುದು ಮೈಸೂರಿನಲ್ಲಿ. 2017ರಲ್ಲಿ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ಬಂದಾಗ ಸುಮ್ನೆ ಒಂದು ರೌಂಡ್ ಅಂತ ಶುರುವಾದ ಅಭ್ಯಾಸ. ಆಮೇಲೆ ಒಂದು ಗೇರ್ ಸೈಕಲ್ ತಗೊಂಡೆ. ಮುಂದೆ ಸಸ್ಪೆನ್ಷನ್, 2.1 ಇಂಚಿನ ದಪ್ಪ ಟೈರ್, ಎತ್ತಿದರೆ ಸೊಂಟ ಹಿಡಿಯುವಷ್ಟು ಭಾರ. ಈಗ ಭಾನುವಾರ ಬೆಳಿಗ್ಗೆ ಗೆಳತಿಯರ ಜೊತೆ ರಿಂಗ್ ರೋಡಿಗೆ ಹೋಗುತ್ತೇನೆ. ಅವರು ಮುಂದೆ ಹೋಗಿ ಕಾಯುವುದು, ನಾನು ಏದುಸಿರು ಬಿಡುತ್ತಾ ಹಿಂದಿನಿಂದ ಬರುವುದು. ಸಾಕಾಯಿತು ಅಂತ ವೇಗದ ಸೈಕಲ್ ಹುಡುಕಲು ಹೊರಟೆ.

ಒಂದು ಸೈಕಲ್ ಅಂಗಡಿಗೆ ಮೊದಲೇ ವಾಟ್ಸಾಪ್ ಮಾಡಿದ್ದೆ. ‘ನನ್ನ ಎತ್ತರ 5 ಅಡಿ 3 ಇಂಚು, ಹೈಬ್ರಿಡ್ ತೋರಿಸಿ’ ಅಂತ. (ಹೈಬ್ರಿಡ್ ಅಂದರೆ ದಪ್ಪ ಟೈರಿನ ಗೇರ್ ಸೈಕಲ್ಲಿಗೂ ರೋಡ್ ಬೈಕಿಗೂ ಮಧ್ಯದ್ದು.) ‘ಸ್ಮಾಲ್ ಸೈಜ್ ಇದೆ ಮೇಡಂ, ಬನ್ನಿ’ ಅಂತ ಉತ್ತರ ಬಂತು. ಹೋದರೆ ಹೈಬ್ರಿಡ್ ಮಾತೇ ಇಲ್ಲ. ‘ಹೈಬ್ರಿಡ್ ತಗೊಂಡ್ರೆ ಆರು ತಿಂಗಳಿಗೆ ಬೇಜಾರಾಗುತ್ತೆ ಮೇಡಂ, ಆಮೇಲೆ ರೋಡ್ ಬೈಕ್ ಬೇಕು ಅಂತೀರಾ, ಈಗಲೇ ತಗೊಂಬಿಡಿ’ ಅಂದರು. ಬಾಗಿದ ಹ್ಯಾಂಡಲ್, ತೆಳ್ಳಗಿನ 25 ಮಿ.ಮೀ. ಟೈರ್, ಒಂದೇ ಕೈಯಲ್ಲಿ ಎತ್ತಿ ತೋರಿಸಿದರು. ನಿಜ ಹೇಳುತ್ತೇನೆ, ಆಸೆಯಾಯಿತು.

ಹತ್ತಿ ಕೂತೆ. ಅಂಗಡಿ ಹುಡುಗ ಹಿಂದೆ ಹಿಡಿದುಕೊಂಡಿದ್ದ. ಕಾಲು ನೆಲಕ್ಕೆ ಎಟುಕಲಿಲ್ಲ. ಕೇಳಿದೆ. ಕೇಳಲಿಲ್ಲ ಅಂತ ಯಾರೂ ಅನ್ನಬೇಡಿ, ಎರಡು ಸಲ ಕೇಳಿದೆ. ‘ರೋಡ್ ಬೈಕ್ ಅಂದ್ರೆ ಹಂಗೇ ಮೇಡಂ, ಸೀಟ್ ಮೇಲೆ ಕೂತ್ರೆ ಕಾಲು ಎಟುಕಬಾರದು’ ಅಂದರು. ಈ ಮಾತು ಅರ್ಧ ನಿಜ, ಅದಕ್ಕೇ ನಂಬಿದೆ. ಸೀಟ್ ಮೇಲೆ ಕೂತಾಗ ಪಾದ ಪೂರ್ತಿ ನೆಲಕ್ಕೆ ಊರದಿದ್ದರೂ ನಡೆಯುತ್ತೆ. ಆದರೆ ಸೀಟಿನಿಂದ ಇಳಿದು, ಮೇಲಿನ ಕಂಬಿಯ ಎರಡೂ ಕಡೆ ಕಾಲಿಟ್ಟು ನಿಂತಾಗ ಪಾದ ಪೂರ್ತಿ ಊರಬೇಕು, ಕಂಬಿಗೂ ಮೈಗೂ ಮಧ್ಯೆ ಒಂದು ಇಂಚಾದರೂ ಜಾಗ ಇರಬೇಕು. ಹಾಗೆ ನಿಂತು ನೋಡಲು ಅವರು ಬಿಡಲೇ ಇಲ್ಲ! ಸೀಟನ್ನು ಪೂರ್ತಿ ಕೆಳಗಿಳಿಸಿ, ಮುಂದಕ್ಕೆ ತಳ್ಳಿ, ‘ಈಗ ಪರ್ಫೆಕ್ಟ್’ ಅಂದರು. ಅಂಗಡಿ ಮುಂದೆ ಸಮತಟ್ಟು ರಸ್ತೆಯಲ್ಲಿ ನೂರು ಮೀಟರ್ ಹೋಗಿ ಬಂದೆ. ಅಲ್ಲೇ ಯುಪಿಐ ಮಾಡಿದೆ.

ಮೊದಲ ವಾರವೇ ಕೈಬೆರಳು ಜೋಮು, ಕತ್ತು ನೋವು. ಸೀಟ್ ಅಷ್ಟು ಕೆಳಗಿದ್ದಿದ್ದಕ್ಕೆ ಮಂಡಿಯ ಮುಂಭಾಗದಲ್ಲೂ ನೋವು ಶುರುವಾಯಿತು. ಫೋನ್ ಮಾಡಿದರೆ ‘ಲೇಡೀಸ್‌ಗೆ ಮೊದಮೊದಲು ಹಾಗೆ ಅನಿಸುತ್ತೆ ಮೇಡಂ, ಬಾಡಿ ಅಡ್ಜಸ್ಟ್ ಆಗುತ್ತೆ’ ಅಂದರು. ಸರಿ, ತಪ್ಪು ನನ್ನ ಮೈಯಲ್ಲೇ ಇರಬೇಕು ಅಂದುಕೊಂಡು ಇನ್ನೂ ಎರಡು ವಾರ ಓಡಿಸಿದೆ. ಈಗ ನೆನೆಸಿಕೊಂಡರೆ ಸಿಟ್ಟು ಬರುತ್ತೆ.

ಮೂರನೇ ಭಾನುವಾರ ಚಾಮುಂಡಿ ಬೆಟ್ಟ ಹತ್ತಿದೆವು. ಹತ್ತುವಾಗ ಹೇಗೋ ಆಯಿತು. ಇಳಿಯುವಾಗ ನಂದಿಯ ಕಡೆ ತಿರುಗುವ ಹತ್ತಿರ ಬ್ರೇಕ್ ಹಿಡಿಯಲು ಹೋದರೆ ಬೆರಳ ತುದಿ ಮಾತ್ರ ಲಿವರ್‌ಗೆ ತಗಲುತ್ತಿದೆ. ಹ್ಯಾಂಡಲ್ ಅಷ್ಟು ದೂರ, ಕೈ ಜೋಮು ಹಿಡಿದಿದೆ, ಎದುರಿಗೆ ಬಸ್ಸು. ಹೇಗೋ ರಸ್ತೆ ಪಕ್ಕದ ಮಣ್ಣಿಗೆ ಇಳಿಸಿ ನಿಲ್ಲಿಸಿದೆ. ನಿಲ್ಲಿಸಿದಾಗಲೂ ಕಾಲು ಊರಲಾಗದೆ ಒಂದು ಪಕ್ಕಕ್ಕೆ ಬಿದ್ದೆ. ಮೊಣಕೈ ತರಚಿತು, ಅಷ್ಟೇ. ಬಸ್ಸಿನ ಕಡೆಗೆ ಬಿದ್ದಿದ್ದರೆ?

ಮಾರನೇ ದಿನ ಬೇರೆ ಕಡೆಯ ವಯಸ್ಸಾದ ಮೆಕ್ಯಾನಿಕ್ ಒಬ್ಬರ ಹತ್ತಿರ ಬ್ರೇಕ್ ತೋರಿಸಲು ಹೋದೆ. ಅವರು ಸೈಕಲ್ ನೋಡಿದರು, ನನ್ನನ್ನು ನೋಡಿದರು. ‘ಯಜಮಾನ್ರ ಗಾಡಿನಾಮ್ಮ ಇದು?’ ಅಂತ ಕೇಳಿದರು. ಇಲ್ಲ, ನನ್ನದೇ, ಸ್ಮಾಲ್ ಸೈಜ್ ಅಂದೆ. ಅವರು ಏನೂ ಮಾತಾಡದೆ ಸೀಟಿನ ಕೆಳಗಿನ ಪೈಪಿಗೆ ಅಂಟಿಸಿದ್ದ ಅಂಗಡಿಯ ಸ್ಟಿಕ್ಕರನ್ನು ಉಗುರಿನಿಂದ ಕೆರೆದರು. ಒಳಗೆ ಕಂಪನಿಯ ಸ್ಟಿಕ್ಕರ್. 54.

54 ಸೆಂ.ಮೀ. ಅಂದರೆ ಸುಮಾರು 5 ಅಡಿ 8 ಇಂಚು ಎತ್ತರದವರಿಗೆ ಆಗುವ ಫ್ರೇಮ್. ನನಗೆ ಬೇಕಿದ್ದದ್ದು 48 ಅಥವಾ 49. ಆ ನಂಬರ್ ಮೇಲೆ ತಮ್ಮ ಅಂಗಡಿಯ ಹೆಸರಿನ ಸ್ಟಿಕ್ಕರ್ ಅಂಟಿಸಿ ಮಾರಿದ್ದಾರೆ. ಅಲ್ಲೇ ನಿಂತು ಅತ್ತುಬಿಟ್ಟೆ. ಮೂರು ವಾರ ನನ್ನ ಮೈಗೇ ಬೈದುಕೊಂಡಿದ್ದೆನಲ್ಲ.

ಅಂಗಡಿಗೆ ಫೋಟೊ ಕಳಿಸಿದೆ. ಬಂದ ಉತ್ತರಗಳು ಹೀಗಿವೆ. ‘ನೀವೇ ಟ್ರಯಲ್ ಮಾಡಿ ತಗೊಂಡ್ರಿ ಮೇಡಂ.’ ‘ಸ್ಟಿಕ್ಕರ್ ಎಲ್ಲಾ ಗಾಡಿಗೂ ಹಾಕ್ತೀವಿ.’ ‘ಓಡಿಸಿದ ಗಾಡಿ ವಾಪಸ್ ತಗೊಳಲ್ಲ.’ ‘ಬೇಕಿದ್ರೆ 15 ಸಾವಿರಕ್ಕೆ ನಾವೇ ತಗೊತೀವಿ.’ ಮೂರು ವಾರದ ಗಾಡಿಗೆ 15 ಸಾವಿರ! ಸ್ಮಾಲ್ ಅಂತ ನೀವೇ ಬರೆದಿದ್ದೀರಲ್ಲ ಅಂದರೆ, ‘ಅದು ಹೈಬ್ರಿಡ್‌ಗೆ ಹೇಳಿದ್ದು’ ಅಂತೆ. ಬಿಲ್ ತೆಗೆದು ನೋಡಿದರೆ ‘ರೋಡ್ ಬೈಕ್ – 1’ ಅಂತ ಮಾತ್ರ ಇದೆ. ಸೈಜ್ ಇಲ್ಲ, ಫ್ರೇಮ್ ನಂಬರ್ ಇಲ್ಲ. ನಾನೂ ಆವತ್ತು ನೋಡಲಿಲ್ಲ.

ದಯವಿಟ್ಟು ಬಿಲ್ಲಿನಲ್ಲಿ ಸೈಜ್ ಮತ್ತು ಫ್ರೇಮ್ ನಂಬರ್ ಬರೆಸಿ. ಫ್ರೇಮ್ ನಂಬರ್ ಸಾಮಾನ್ಯವಾಗಿ ಎರಡೂ ಪೆಡಲ್‌ಗಳ ತೋಳು ಸೇರುವ ಜಾಗದ ಕೆಳಗೆ, ಫ್ರೇಮಿನ ಮೇಲೆ ಕೊರೆದಿರುತ್ತೆ, ಸೈಕಲ್ ತಿರುಗಿಸಿ ನೋಡಿ. ಸೈಜ್ ನಂಬರ್ ಮೇಲೆ ಏನಾದರೂ ಅಂಟಿಸಿದ್ದರೆ ಕೀಳಿಸಿ, ಇಲ್ಲ ಅಂದರೆ ಎದ್ದು ಬನ್ನಿ. ಸೀಟು, ಹ್ಯಾಂಡಲ್ ಸ್ವಲ್ಪ ಸರಿಮಾಡಬಹುದು, ತಪ್ಪು ಫ್ರೇಮನ್ನು ಯಾರೂ ಸರಿಮಾಡಲಾರರು. ವ್ಯಾಯಾಮಕ್ಕೆ ಅಂತ ಶುರು ಮಾಡುವವರಿಗೆ ನೇರ ಹ್ಯಾಂಡಲ್, ಸಸ್ಪೆನ್ಷನ್ ಇಲ್ಲದ, 32 ಅಥವಾ 35 ಮಿ.ಮೀ. ಟೈರಿನ ಹೈಬ್ರಿಡ್ ಸಾಕು. ನಮ್ಮ ಹಂಪುಗಳಿಗೂ ಅದೇ ವಾಸಿ. ನನ್ನ ರೋಡ್ ಬೈಕಿನ ಟ್ಯೂಬಿಗೆ ಪೆಟ್ರೋಲ್ ಬಂಕಿನ ಗಾಳಿಯೂ ನೇರ ಹಿಡಿಯುತ್ತಿರಲಿಲ್ಲ. ವಾಲ್ವ್ ಸಣ್ಣದು, ಬೇರೆ ಪಂಪೇ ಬೇಕಾಯಿತು. ಅದನ್ನೂ ಯಾರೂ ಹೇಳಲಿಲ್ಲ.

ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಚಾಟ್, ಸ್ಟಿಕ್ಕರ್ ಫೋಟೊ, ಯುಪಿಐ ರಸೀದಿ ಎಲ್ಲಾ ಇಟ್ಟುಕೊಂಡಿದ್ದೇನೆ, ಅಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ದೂರು ನಡೆಯುತ್ತಿರುವುದರಿಂದ ಅಂಗಡಿ ಹೆಸರು ಇಲ್ಲಿ ಬರೆಯುತ್ತಿಲ್ಲ.

ಆ ಮೆಕ್ಯಾನಿಕ್ಕೇ ನನ್ನ ಹಳೇ ಸೈಕಲ್ಲಿಗೆ 1.5 ಇಂಚಿನ ನುಣ್ಣನೆಯ ಟೈರ್ ಹಾಕಿಕೊಟ್ಟರು. ಕಳೆದ ಭಾನುವಾರ ಗೆಳತಿಯರು ನನಗೋಸ್ಕರ ಒಂದೇ ಒಂದು ಸಲ ನಿಂತರು. ಹೊಸದು ಹಾಲ್‌ನಲ್ಲಿ ಗೋಡೆಗೆ ಒರಗಿದೆ. ಅದರ ಮೇಲೆ ಬೆಡ್‌ಶೀಟ್ ಹೊದಿಸಿದ್ದೇನೆ, ನೋಡಲಾಗುತ್ತಿಲ್ಲ.