ಊಟ ಬಿಟ್ಟ ಗಿನಿ ಪಿಗ್‌ಗೆ ಸಿರಿಂಜಿನಲ್ಲಿ ಏನು ಕೊಡಬೇಕು?

ಗಿನಿ ಪಿಗ್ ಊಟ ಬಿಟ್ಟರೆ ನಾಳೆ ನೋಡೋಣ ಅನ್ನುವ ಹಾಗಿಲ್ಲ. ಅದರ ಕರುಳು ಓಡಾಡುವುದೇ ನಾರಿನಿಂದ. ಹುಲ್ಲು ಒಳಗೆ ಹೋಗುವುದು ನಿಂತರೆ ಕರುಳೂ ನಿಲ್ಲುತ್ತದೆ, ಗ್ಯಾಸ್ ತುಂಬಿಕೊಳ್ಳುತ್ತದೆ. ವಾಂತಿ ಮಾಡಿ ಹಗುರಾಗಲು ಅದಕ್ಕೆ ಬರುವುದಿಲ್ಲ. ಹಿಕ್ಕೆ ಸಣ್ಣದಾಗಿ ಒಣಗುತ್ತಿದ್ದರೆ ಅದೇ ದಿನ ವೆಟ್ ಹತ್ತಿರ ಹೋಗಬೇಕು.

ನಮ್ಮ ಗುಂಡನಿಗೆ ದವಡೆ ಹಲ್ಲು ಉದ್ದ ಬೆಳೆಯುವ ತೊಂದರೆ. ಹಾಗಾಗಿ ಅವನ ಊಟ ಆಗಾಗ ನಿಲ್ಲುತ್ತದೆ. ಹಲ್ಲು ಸವೆಸಿ ಕಳಿಸುವಾಗ ವೆಟ್ ಹೇಳುವುದು ಒಂದೇ ಮಾತು: ತಾನಾಗಿ ತಿನ್ನುವವರೆಗೆ ಸಿರಿಂಜಿನಲ್ಲಿ ಉಣಿಸಿ.

ಆಕ್ಸ್‌ಬೋ ಕಂಪನಿಯ ಕ್ರಿಟಿಕಲ್ ಕೇರ್ ಪುಡಿ ಎಲ್ಲರೂ ಹೇಳುವ ದಾರಿ. ಟಿಮೋಥಿ ಹುಲ್ಲೇ ಅದರ ಮುಖ್ಯ ಸರಕು. ವಿಟಮಿನ್ ಸಿ ಕೂಡ ಸೇರಿಸಿರುತ್ತಾರೆ. ಇದು ಮುಖ್ಯ, ಏಕೆಂದರೆ ಗಿನಿ ಪಿಗ್ ದೇಹ ನಮ್ಮ ಹಾಗೇ ವಿಟಮಿನ್ ಸಿ ತಯಾರಿಸಿಕೊಳ್ಳಲಾರದು. 1 ಪಾಲು ಪುಡಿಗೆ 2 ಪಾಲು ಬೆಚ್ಚಗಿನ ನೀರು ಹಾಕಿ ಕಲಸಿದರೆ ಮುಗಿಯಿತು. ಗುಂಡನ ಹಿಕ್ಕೆ ಬೇಗ ಸರಿಯಾಗುವುದು ಇದರಲ್ಲೇ. ಆದರೆ ಬೆಲೆ ಜಾಸ್ತಿ, ಬೇಕಾದಾಗ ಅಂಗಡಿಯಲ್ಲಿ ಇರುವುದಿಲ್ಲ. ನಾರು ದಪ್ಪ ಇರುವುದರಿಂದ ಸಣ್ಣ ಸಿರಿಂಜಿನ ತೂತಿನಲ್ಲಿ ಸಿಕ್ಕಿಕೊಳ್ಳುತ್ತದೆ. ತುದಿ ಕತ್ತರಿಸಿ, ಅಂಚನ್ನು ನುಣುಪು ಮಾಡಿಕೊಳ್ಳಬೇಕು.

ಅವನು ದಿನಾ ತಿನ್ನುವ ಟಿಮೋಥಿ ಪೆಲೆಟ್ (ಹುಲ್ಲಿನ ಪುಡಿ ಒತ್ತಿ ಮಾಡಿದ ಗುಳಿಗೆ) ನೆನೆಸಿ ಮಿಕ್ಸಿಗೆ ಹಾಕುವುದು ಇನ್ನೊಂದು ದಾರಿ. ಖರ್ಚು ಏನೂ ಇಲ್ಲ. ಪರಿಚಯದ ರುಚಿ ಆದ್ದರಿಂದ ಗುಂಡ ಮುಖ ತಿರುಗಿಸುವುದಿಲ್ಲ. ಸಿರಿಂಜಿಗೆ ಸಲೀಸಾಗಲಿ ಅಂತ ಸೋಸುವವರಿದ್ದಾರೆ. ಸೋಸಿದರೆ ಬೇಕಾದ ನಾರೇ ಜರಡಿಯಲ್ಲಿ ಉಳಿಯುತ್ತದೆ, ಅಲ್ವಾ? ಇನ್ನಷ್ಟು ನೀರು ಹಾಕಿ ಮತ್ತೆ ರುಬ್ಬುವುದೇ ಸರಿ. ಹಳೇ ಪೆಲೆಟ್‌ನಲ್ಲಿ ವಿಟಮಿನ್ ಸಿ ಕರಗಿಹೋಗಿರುತ್ತದೆ. ಅದನ್ನು ವೆಟ್ ಹೇಳಿದ ಅಳತೆಯಲ್ಲಿ ಬೇರೆಯಾಗಿ ಕೊಡಬೇಕು. ಬಣ್ಣಬಣ್ಣದ ಕಾಳು ಬೆರೆಸಿದ ಮಿಕ್ಸ್ ಈ ಕೆಲಸಕ್ಕೆ ಬೇಡವೇ ಬೇಡ.

ಬೇಯಿಸಿದ ಸಿಹಿಗುಂಬಳ ಅವನಿಗೆ ಪ್ರಾಣ. ಸಿರಿಂಜು ಕಂಡರೆ ತಾನೇ ಬಾಯಿ ತೆರೆಯುತ್ತಾನೆ. ಆದರೆ ಅದನ್ನೇ ಕೊಟ್ಟರೆ ಹಿಕ್ಕೆ ಮೆತ್ತಗಾಗುತ್ತದೆ. ಪೆಲೆಟ್ ಜೊತೆ ರುಚಿಗೆ ಒಂದು ಚಮಚ, ಅಷ್ಟೇ. ಅತ್ತೆ ಮಾತ್ರ ಇವತ್ತಿಗೂ ರಾಗಿ ಅಂಬಲಿ ಪರ. ಜ್ವರ ಬಂದ ಮನುಷ್ಯರಿಗೆ ಅದು ಸರಿ. ಗಿನಿ ಪಿಗ್ ಕರುಳಿನಲ್ಲಿ ಅಷ್ಟೊಂದು ಪಿಷ್ಟ ಹುಳಿತರೆ ಇರುವ ಗ್ಯಾಸ್ ಇನ್ನೂ ಏರುತ್ತದೆ. ಹಾಗಾಗಿ ಅಂಬಲಿ ನಾವು ಕುಡಿಯುತ್ತೇವೆ.

ಯಾವುದೇ ಆಗಲಿ, ಬಾಯಿಯ ಪಕ್ಕದಿಂದ ಸ್ವಲ್ಪ ಸ್ವಲ್ಪವೇ ಕೊಟ್ಟು, ಅಗಿದು ನುಂಗಲು ಬಿಡಬೇಕು. ಅವಸರ ಮಾಡಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಹೊಟ್ಟೆ ಉಬ್ಬಿ ತಮಟೆಯಂತೆ ಬಿಗಿಯಾಗಿದ್ದರೆ ಇದ್ಯಾವುದೂ ಬೇಡ, ಮೊದಲು ಎಕ್ಸ್‌ರೇ ಆಗಲಿ. ಮನೆಯಲ್ಲಿ ಉಳಿದಿರುವ ಅಮಾಕ್ಸಿಸಿಲಿನ್ ಸಿರಪ್ ಕಡೆ ಕೈ ಹಾಕಲೇಬೇಡಿ. ಅದು ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸಾಯಿಸಿ ಗಿನಿ ಪಿಗ್ ಪ್ರಾಣಕ್ಕೇ ಕುತ್ತು ತರಬಹುದು.

ನಾನು ಈಗ ಮೊದಲೆರಡು ದಿನ ಪುಡಿ ಕೊಡುತ್ತೇನೆ. ಹಿಕ್ಕೆ ಗಾತ್ರಕ್ಕೆ ಬಂದ ಮೇಲೆ ಪೆಲೆಟ್‌ಗೆ ಇಳಿಯುತ್ತೇನೆ. ಅಡುಗೆಮನೆ ತಕ್ಕಡಿಯಲ್ಲಿ ದಿನಾ ತೂಕ ನೋಡುತ್ತೇನೆ. ತೂಕ ಇಳಿಯುತ್ತಲೇ ಇದ್ದರೆ ಮತ್ತೆ ವೆಟ್ ಹತ್ತಿರವೇ.